ಗಾರೆ ಗೋಡೆಗೆ ಸಿಮೆಂಟ್ ಹೊದಿಸಿದ ಹಳೇ ಮನೆ: ಕೆಡವಬೇಕೇ, ಉಳಿಸಬಹುದೇ?

ಪ್ರಶ್ನೆ: ಮೂಡಿಗೆರೆ ತಾಲ್ಲೂಕಿನ ಕಾಫಿ ತೋಟದಲ್ಲಿ ನಮ್ಮ ಮುತ್ತಜ್ಜ ಕಟ್ಟಿಸಿದ, ಹತ್ತಿರಹತ್ತಿರ ನೂರು ವರ್ಷದ ಮನೆಯಿದೆ. ಕಲ್ಲಿನ ತಳಪಾಯ, ಸುಟ್ಟ ಇಟ್ಟಿಗೆ, ಸುಣ್ಣದ ಗಾರೆ, ಮೇಲೆ ಮಂಗಳೂರು ಹೆಂಚು. 12 ವರ್ಷದ ಹಿಂದೆ ಹೊರಗೋಡೆಗೆಲ್ಲ ಸಿಮೆಂಟ್ ಪ್ಲಾಸ್ಟರ್ ಮಾಡಿಸಿ ಮಳೆ ತಡೆಯುವ ಪೇಂಟ್ ಹೊಡೆಸಿದೆವು. ಒಳಗಿನ ಕೆಂಪು ನೆಲದ ಮೇಲೆ ಟೈಲ್ಸ್ ಹಾಕಿಸಿದೆವು. ಈಗ ಒಳಗೋಡೆ ಮೂರು ಅಡಿಯವರೆಗೆ ಒದ್ದೆ, ಬಿಳಿ ಪುಡಿ ಉದುರುತ್ತದೆ. ಮೊದಲು ಗೊಬ್ಬರ ಇಡುತ್ತಿದ್ದ ಒಂದು ಕೋಣೆಯಂತೂ ಮಳೆಗಾಲವಿಡೀ ಬೆವರುತ್ತದೆ. ಒಂದು ಕಿಟಕಿಯ ಕಮಾನು ಬಿರುಕು ಬಿಟ್ಟಿದೆ. ಒಬ್ಬ ಮೇಸ್ತ್ರಿ ವಾಟರ್‌ಪ್ರೂಫ್ ಸಿಮೆಂಟ್‌ನಲ್ಲಿ ಮತ್ತೆ ಪ್ಲಾಸ್ಟರ್ ಮಾಡೋಣ ಎನ್ನುತ್ತಾರೆ. ಇನ್ನೊಬ್ಬರು ಹೆಂಚು ತೆಗೆದು ಆರ್‌ಸಿಸಿ ಹಾಕಿ, ಇಲ್ಲವೇ ಕೆಡವಿ ಎನ್ನುತ್ತಾರೆ. ಏನು ಮಾಡಬೇಕು?

ಉತ್ತರ: ಎರಡೂ ಬೇಡ. ನೀವು ಬರೆದ ಲಕ್ಷಣಗಳಲ್ಲಿ ಮುಕ್ಕಾಲು ಪಾಲು ಒಂದೇ ಕಾರಣದಿಂದ ಬಂದವು. ಗೋಡೆಯೊಳಗೆ ಹೋದ ನೀರಿಗೆ ಹೊರಗೆ ಬರುವ ದಾರಿ ಮುಚ್ಚಿಹೋಗಿದೆ. ಎಂಬತ್ತೆಂಟು ಮಳೆಗಾಲ ತಡೆದ ಗೋಡೆ ಕಳೆದ ಹನ್ನೆರಡರಲ್ಲಿ ಸೊರಗಿದೆ ಎಂದರೆ, ಆ ಹನ್ನೆರಡು ವರ್ಷದಲ್ಲಿ ಅದಕ್ಕೆ ಏನು ಮಾಡಿದೆವು ಎಂದು ನೋಡಬೇಕು. ಇಟ್ಟಿಗೆ ಇನ್ನೂ ಗಟ್ಟಿಯಿದ್ದು, ಗೋಡೆ ತೂಗುಗುಂಡಿಗೆ ನೇರ ನಿಂತಿದ್ದರೆ ಈ ಮನೆಯನ್ನು ಖಂಡಿತ ಉಳಿಸಬಹುದು. ಆದರೆ ಕೆಲಸದ ಕ್ರಮ ತಪ್ಪಬಾರದು: ಮೊದಲು ನೀರು, ಆಮೇಲೆ ಸಿಮೆಂಟ್ ಕೀಳುವುದು, ಆಮೇಲೆ ಒಣಗಿಸುವುದು, ಕೊನೆಗೆ ಗಾರೆ. ಪ್ಲಾಸ್ಟರ್‌ನಿಂದಲೇ ಶುರುಮಾಡಿದರೆ ಹಾಕಿದ ದುಡ್ಡು ಎರಡೇ ಮಳೆಗಾಲಕ್ಕೆ ಉದುರಿಹೋಗುತ್ತದೆ.

ಹಾಸನ, ಚಿಕ್ಕಮಗಳೂರು ಕಡೆಯ ಹಳೇ ಇಟ್ಟಿಗೆ ಮನೆ ನೀರನ್ನು ಪೂರ್ತಿ ತಡೆಯಲು ಹೋಗುವುದಿಲ್ಲ. ಮಳೆ ಬಡಿದಾಗ ಗೋಡೆ ಒಂದಿಷ್ಟು ಕುಡಿಯುತ್ತದೆ, ಹೊಳವಾದಾಗ ಬಿಟ್ಟುಕೊಡುತ್ತದೆ. ಇಟ್ಟಿಗೆಗಿಂತ ಸಂದಿನ ಗಾರೆ ಮೆದು, ಇಟ್ಟಿಗೆಗಿಂತ ಸಡಿಲ ರಂಧ್ರದ್ದು. ಹಾಗಾಗಿ ತೇವ ಹೊರಬರುವುದು ಸಂದಿನ ಮೂಲಕ, ಉಪ್ಪು ಕೂರುವುದೂ ಸಂದಿನಲ್ಲಿ, ಸವೆಯುವುದೂ ಸಂದು. ಮೂವತ್ತು-ನಲವತ್ತು ವರ್ಷಕ್ಕೊಮ್ಮೆ ಸಂದು ಕೆದಕಿ ಹೊಸ ಗಾರೆ ತುಂಬಿದರೆ ಗೋಡೆ ಮತ್ತೆ ಹೊಸದು. ಕೆಳಗೆ ನೆಲದಿಂದ ಒಂದೂವರೆ-ಎರಡು ಅಡಿ ಎತ್ತರಕ್ಕೆ ಕಟ್ಟಿದ ಕರಿಕಲ್ಲಿನ ಕಟ್ಟು ಮಣ್ಣಿನ ತೇವವನ್ನು ಮೇಲೆ ಬಿಡುವುದಿಲ್ಲ. ಗ್ರಾನೈಟು ನೀರು ಹೀರುವುದು ಇಲ್ಲವೆನ್ನುವಷ್ಟು ಕಡಿಮೆ, ಸಂದಿನಲ್ಲಿ ಹತ್ತುವುದೂ ಅತ್ಯಲ್ಪ. ಮೇಲೆ ಎರಡೂವರೆ-ಮೂರು ಅಡಿ ಹೊರಚಾಚಿದ ಸೂರು ಗೋಡೆಯ ಮೇಲರ್ಧವನ್ನು ಕಾಯುತ್ತದೆ. ಜಗುಲಿಯನ್ನು ಪಡುವಣ ಗಾಳಿಮಳೆಗೆ ಅಡ್ಡವಾಗಿಯೇ ಇಟ್ಟಿರುತ್ತಾರೆ. ಇವು ನಾಲ್ಕೂ ಸೇರಿ ಒಂದೇ ಯಂತ್ರ. ಒಂದನ್ನು ಕೆಡಿಸಿದರೆ ಉಳಿದ ಮೂರಕ್ಕೆ ಹೊರೆ ಬೀಳುತ್ತದೆ.

ಸಿಮೆಂಟ್ ಪ್ಲಾಸ್ಟರ್ ಏನು ಮಾಡುತ್ತದೆ ನೋಡಿ. ಅದು ಹಳೇ ಇಟ್ಟಿಗೆಗಿಂತ ಬಿರುಸು, ಗೋಡೆಯ ಸಣ್ಣ ಮಿಸುಕಾಟವನ್ನು ಸಹಿಸುವುದಿಲ್ಲ. ಬಿಸಿಲು-ಮಳೆಗೆ ಕೂದಲೆಳೆ ಬಿರುಕು ಬಿಡುತ್ತದೆ. ಆ ಬಿರುಕು ಮಳೆನೀರನ್ನು ಒಳಗೆಳೆಯುತ್ತದೆ, ಆದರೆ ಒಳಗೆ ಹೋದ ನೀರು ಅದೇ ಕೂದಲೆಳೆಯಿಂದ ಆವಿಯಾಗಿ ಹೊರಬರಲಾರದು. ಮೇಲೆ ಪೇಂಟಿನ ಪ್ಲಾಸ್ಟಿಕ್ ಪದರ ಬೇರೆ. ನೀರು ಒಳಮುಖಕ್ಕೆ ತಿರುಗುತ್ತದೆ, ಜೊತೆಗೆ ಮಣ್ಣಿನ, ಇಟ್ಟಿಗೆಯ, ಸಿಮೆಂಟಿನದೇ ಉಪ್ಪನ್ನೂ ಒಯ್ಯುತ್ತದೆ. ನೀರು ಆರಿದಲ್ಲಿ ಉಪ್ಪು ಹರಳುಗಟ್ಟಿ ಉಬ್ಬುತ್ತದೆ. ಆ ಉಬ್ಬು ಪ್ಲಾಸ್ಟರಿನ ಬೆನ್ನಿಗೆ ಬಿದ್ದರೆ ಇಟ್ಟಿಗೆಯ ಮುಖವೇ ಹಪ್ಪಳದಂತೆ ಎದ್ದುಬರುತ್ತದೆ. ಸಿಮೆಂಟ್ ತುಂಡೊಂದು ಕಳಚಿದಾಗ ತಿರುಗಿಸಿ ನೋಡಿ. ಬೆನ್ನಿಗೆ ಕೆಂಪು ಇಟ್ಟಿಗೆಯ ತೆಳು ಪದರ ಅಂಟಿಕೊಂಡು ಬಂದಿದ್ದರೆ ಇದೇ ನಡೆದಿದೆ.

ಗಾರೆಯ ತಾಳಿಕೆಗೆ ಸಾಕ್ಷಿ ಬೇಕಿದ್ದರೆ ಹಾಸನದ ಹತ್ತಿರ ಶೆಟ್ಟಿಹಳ್ಳಿಯಲ್ಲಿ ಫ್ರೆಂಚ್ ಮಿಷನರಿಗಳು ಹತ್ತೊಂಬತ್ತನೇ ಶತಮಾನದಲ್ಲಿ ಕಟ್ಟಿದ ಚರ್ಚ್ ನೋಡಿ ಬನ್ನಿ. ಗೊರೂರು ಅಣೆಕಟ್ಟಿನ ಹಿನ್ನೀರು ತುಂಬಿದಾಗ ಅದು ಅರ್ಧ ಮುಳುಗುತ್ತದೆ, ಇಳಿದಾಗ ಬಿಸಿಲಿಗೆ ಒಣಗುತ್ತದೆ. ಮಾಡು ಹೋಗಿ ದಶಕಗಳಾದರೂ ಇಟ್ಟಿಗೆ-ಗಾರೆಯ ಕಮಾನುಗಳು ಇಷ್ಟು ಕಾಲ ನಿಂತವು. ಗೋಡೆಯ ಎರಡೂ ಮೈ ತೆರೆದಿದ್ದು, ನೆನೆದದ್ದು ಒಣಗಲು ಅಡ್ಡಿಯಿಲ್ಲದ್ದೇ ಅದಕ್ಕೆ ದೊಡ್ಡ ಕಾರಣ. ಈಗ ಭಾಗಭಾಗವಾಗಿ ಕುಸಿಯುತ್ತಿರುವುದಕ್ಕೂ ಕಾರಣವಿದೆ: ಗೋಡೆಯ ನೆತ್ತಿಗೆ ಹೊದಿಕೆಯಿಲ್ಲ, ಮೇಲಿನಿಂದ ಇಳಿಯುವ ಮಳೆ ಗಾರೆಯನ್ನು ತೊಳೆಯುತ್ತಲೇ ಇದೆ. ಗಾರೆ ಗೋಡೆಗೆ ತಲೆಗೆ ಟೋಪಿ ಬೇಕು, ಕಾಲಿಗೆ ಒಣನೆಲ ಬೇಕು, ಮೈಗೆ ಗಾಳಿ ಬೇಕು.

ಮೊದಲು ನೀರಿನ ಲೆಕ್ಕ

ಒಳಗೋಡೆಯ ತೇವದ ಗೆರೆ ಅಡ್ಡಕ್ಕೆ ಸಮನಾಗಿ ಮೂರಡಿಯಲ್ಲಿ ನಿಂತಿದ್ದರೆ ನೀರು ಕೆಳಗಿನಿಂದ ಹತ್ತುತ್ತಿದೆ. ಮೇಲಿನಿಂದ ನಾಲಿಗೆಯ ಹಾಗೆ ಇಳಿದ ಕಲೆಯಿದ್ದರೆ ಹೆಂಚು ಅಥವಾ ದೋಣಿ ತಗಡು ಸೋರುತ್ತಿದೆ. ಒಂದೇ ಮೂಲೆಯಲ್ಲಿದ್ದರೆ ಬಚ್ಚಲಿನ ಪೈಪು, ಗುಂಡಿ ನೋಡಿ. ಅನುಮಾನವಿದ್ದಲ್ಲಿ ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ಗೋಡೆಗೆ ಅಂಟಿಸಿ ಎರಡು ದಿನ ಬಿಡಿ. ಹಾಳೆಯ ಹಿಂದೆ ಹನಿಗಟ್ಟಿದರೆ ತೇವ ಗೋಡೆಯಿಂದ ಬರುತ್ತಿದೆ. ಮುಂದೆ ಹನಿಗಟ್ಟಿದರೆ ಅದು ಕೋಣೆಯ ಗಾಳಿಯದು, ಕಿಟಕಿ ತೆರೆದು ಗಾಳಿಯಾಡಿಸುವುದೇ ಅದಕ್ಕೆ ಮದ್ದು.

ಕೆಳಗಿನಿಂದ ಹತ್ತುವ ತೇವಕ್ಕೆ ನೂರಕ್ಕೆ ನೂರು ರಾಸಾಯನಿಕ ಇಂಜೆಕ್ಷನ್ ಬೇಕು ಎಂದು ಹೇಳುವವರಿದ್ದಾರೆ. ಹದಿಮೂರೂವರೆ, ಹದಿನೆಂಟು ಇಂಚಿನ ಗಾರೆ ಗೋಡೆಯೊಳಗೆ ಅದು ಸಮನಾಗಿ ಹರಡುತ್ತದೆಂಬ ನಂಬಿಕೆಯಿಲ್ಲ. ಅದಕ್ಕೂ ಮೊದಲು ಗುದ್ದಲಿ ಹಿಡಿದು ಮನೆಯ ಸುತ್ತ ಒಂದು ಸುತ್ತು ಬನ್ನಿ. ತೋಟದ ಮನೆಗಳಲ್ಲಿ ಸಾಮಾನ್ಯವಾಗಿ ಕಾಣುವುದು ಇದು: ವರ್ಷವರ್ಷವೂ ಮಣ್ಣು, ಹೂವಿನ ಪಾತಿ, ಅಂಗಳದ ಕಾಂಕ್ರೀಟು ಏರುತ್ತಾ ಬಂದು ಕಲ್ಲಿನ ಕಟ್ಟು ಪೂರ್ತಿ ಹೂತುಹೋಗಿರುತ್ತದೆ. ಮಣ್ಣು ಕಲ್ಲನ್ನು ದಾಟಿ ಇಟ್ಟಿಗೆಯ ಮೊದಲ ವರಸೆಗೆ ತಾಕಿತೆಂದರೆ ಆ ಕಲ್ಲಿದ್ದೂ ಇಲ್ಲದ ಹಾಗೆ. ನಿಮ್ಮ ಸಿಮೆಂಟ್ ಪ್ಲಾಸ್ಟರನ್ನು ಕಲ್ಲಿನ ಮೇಲೂ ಎಳೆದು ನೆಲಕ್ಕೆ ಮುಟ್ಟಿಸಿದ್ದರೆ ಅದೂ ಅಷ್ಟೇ ಕೆಡುಕು. ಪ್ಲಾಸ್ಟರಿನ ಬೆನ್ನ ಹಿಂದಿನಿಂದಲೇ ತೇವ ಕಲ್ಲನ್ನು ದಾಟಿ ಏರುತ್ತದೆ.

ಹೊರನೆಲ ಒಳನೆಲಕ್ಕಿಂತ ಕನಿಷ್ಠ ಒಂದಡಿ ತಗ್ಗಿಗೆ ಬರುವಂತೆ ಮಣ್ಣು ತೆಗೆಯಿರಿ. ಕಲ್ಲಿನ ಕಟ್ಟು ಕಾಣಬೇಕು. ಆದರೆ ಗುಂಡಿ ತಳಪಾಯದ ತಳಕ್ಕಿಂತ ಕೆಳಗೆ ಹೋಗದಿರಲಿ, ಗೋಡೆಗುಂಟ ಇಡೀ ಉದ್ದ ಒಂದೇ ಸಲ ಅಗೆಯದಿರಿ. ಎಂಟ್ಹತ್ತು ಅಡಿಯ ತುಂಡುತುಂಡಾಗಿ ಮಾಡಿ. ಸೂರಿನ ನೀರು ಬೀಳುವ ಗೆರೆಯಿಂದ ಆಚೆಗೆ ತೆರೆದ ಚರಂಡಿಯಿರಲಿ. ಗೋಡೆಯಿಂದ ಚರಂಡಿಯವರೆಗೆ ಚಪ್ಪಡಿ ಕಲ್ಲು ಹಾಸಿ, ಮೂರಡಿಗೆ ಒಂದು ಇಂಚಿನಷ್ಟು ಇಳಿಜಾರು ಕೊಡಿ, ಸಂದಿಗೆ ಗಾರೆ ತುಂಬಿ. ಇಲ್ಲಿ ಕಾಂಕ್ರೀಟ್ ಹಾಕಿ ಮುಚ್ಚಿದರೆ ಮಣ್ಣಿನ ತೇವಕ್ಕೆ ಮೇಲೇಳಲು ಗೋಡೆಯೊಂದೇ ದಾರಿ. ಕಾಫಿ ಒಣಗಿಸುವ ಕಣ ಮನೆಗೆ ತಾಗಿಕೊಂಡಿದ್ದರೆ ಅದರ ಇಳಿಜಾರು ಯಾವ ಕಡೆಗಿದೆ ನೋಡಿ. ಎಷ್ಟೋ ಕಣಗಳ ನೀರು ಮನೆಯ ಬುಡಕ್ಕೇ ಹರಿಯುತ್ತದೆ, ಕಣದ ಗಟ್ಟಿನೆಲದಿಂದ ಚಿಮ್ಮುವ ಮಳೆ ಒಂದೂವರೆ ಅಡಿಯವರೆಗೆ ಗೋಡೆಗೆ ಬಡಿಯುತ್ತದೆ.

ಒಳಗಿನ ಟೈಲ್ಸ್ ವಿಷಯ ಬೇಸರ ತರುವಂಥದ್ದೇ, ಆದರೂ ಹೇಳಲೇಬೇಕು. ಹಳೇ ಕೆಂಪು ನೆಲದ ಕೆಳಗೆ ಸುಣ್ಣದ ಜಲ್ಲಿ-ಗಾರೆ ಇರುತ್ತದೆ, ನೆಲದ ತೇವ ಅಲ್ಲಲ್ಲೇ ಆರುತ್ತದೆ. ವಿಟ್ರಿಫೈಡ್ ಟೈಲ್ಸು ಸಿಮೆಂಟಿನಲ್ಲಿ ಕೂತಾಗ ಆ ತೇವವೆಲ್ಲ ಬದಿಗೆ ಸರಿದು ಗೋಡೆ ಹತ್ತುತ್ತದೆ. ಎಲ್ಲ ಕೀಳಲಾಗದಿದ್ದರೆ ಹೊರಗೋಡೆಗೆ ತಾಗಿದ ಒಂದು ಸಾಲು ಟೈಲ್ಸ್ ಮತ್ತು ಸ್ಕರ್ಟಿಂಗ್ ಆದರೂ ತೆಗೆಸಿ, ಅಲ್ಲಿ ಸುಣ್ಣದ ಗಾರೆ ಹಾಸಿ ಹಳೇ ಹೆಂಚಿನ ಬಿಲ್ಲೆಯೋ ಕಡಪ ಕಲ್ಲೋ ಗಾರೆಯ ಸಂದಿನಲ್ಲಿ ಕೂರಿಸಿ.

ಬೆವರುವ ಕೋಣೆ

ಗೊಬ್ಬರ ಇಡುತ್ತಿದ್ದ ಕೋಣೆ ಎಂದಿರಿ. ಅದೇ ಉತ್ತರ. ಪೊಟ್ಯಾಶ್, ಯೂರಿಯಾ ಮೂಟೆಗಳನ್ನು ಗೋಡೆಗೆ ಒತ್ತಿ ಪೇರಿಸಿದಾಗ, ನೀರಾಡಿದ ಗೊಬ್ಬರ ವರ್ಷಗಟ್ಟಲೆ ಇಟ್ಟಿಗೆಯೊಳಗೆ ಇಂಗುತ್ತದೆ. ಈ ಉಪ್ಪುಗಳು ಗಾಳಿಯಿಂದಲೇ ನೀರು ಎಳೆಯುವಂಥವು. ಪೊಟ್ಯಾಶ್ ಗೊಬ್ಬರ (ಮ್ಯೂರಿಯೇಟ್ ಆಫ್ ಪೊಟ್ಯಾಶ್) ಗಾಳಿಯ ತೇವಾಂಶ ಶೇ 85ರ ಆಸುಪಾಸು ತಲುಪಿದರೆ ಕರಗತೊಡಗುತ್ತದೆ, ಯೂರಿಯಾ ಇನ್ನೂ ಬೇಗ. ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿ ಅದಕ್ಕಿಂತ ಒಣಗಿರುವ ದಿನವೇ ಕಡಿಮೆ. ಹೀಗಾಗಿ ಹೊರಗೋಡೆ ಅಲ್ಲದಿದ್ದರೂ, ಮಳೆ ಬೀಳದಿದ್ದರೂ ಆ ಗೋಡೆ ಬೆವರುತ್ತದೆ. ಒದ್ದೆಯ ಆಕಾರ ಗಮನಿಸಿ: ಮೂಟೆ ಪೇರಿಸಿದ್ದ ಎತ್ತರಕ್ಕೇ ನಿಂತಿರುತ್ತದೆ. ದನದ ಕೊಟ್ಟಿಗೆಯನ್ನು ಕೋಣೆ ಮಾಡಿಕೊಂಡ ಮನೆಗಳಲ್ಲೂ ಗಂಜಲದ ಉಪ್ಪಿನಿಂದ ಇದೇ ತೊಂದರೆ.

ಉದುರುವ ಬಿಳಿ ಪುಡಿಯನ್ನು ಒಂದು ಚಮಚ ತೆಗೆದು ಲೋಟದ ನೀರಿಗೆ ಹಾಕಿ. ಪೂರ್ತಿ ಕರಗಿದರೆ ಉಪ್ಪು. ಕರಗದೆ ತಳದಲ್ಲಿ ಕೂತು, ನಿಂಬೆರಸ ಹಿಂಡಿದಾಗ ನೊರೆಯೆದ್ದರೆ ಅದು ಸುಣ್ಣ, ಅದಕ್ಕೆ ಹೆದರಬೇಕಿಲ್ಲ.

ಉಪ್ಪಿನ ಗೋಡೆಗೆ ನೇರವಾಗಿ ಒಳ್ಳೇ ಗಾರೆ ಮಾಡಬೇಡಿ. ಹಳೇ ಪ್ಲಾಸ್ಟರ್ ಕಿತ್ತು, ಸಂದನ್ನು ಒಂದು ಇಂಚು ಕೆದಕಿ, ಒಣ ಬ್ರಷ್‌ನಿಂದ ಗುಡಿಸಿ, ಆ ಪುಡಿಯನ್ನು ಮನೆಯಿಂದ ಆಚೆ ಸಾಗಿಸಿ. ಆಮೇಲೆ ಒಂದು ಪಾಲು ಸುಣ್ಣ, ನಾಲ್ಕು ಪಾಲು ದಪ್ಪ ಮರಳಿನ ಸಡಿಲ ಗಾರೆಯನ್ನು ಅರ್ಧ ಇಂಚು ಎಳೆಯಿರಿ. ಇದು ಉಳಿಸುವುದಕ್ಕಲ್ಲ, ಉಪ್ಪನ್ನು ತಾನು ಹೀರಿ ಹಾಳಾಗುವುದಕ್ಕೆ. ಒಂದು ಮಳೆಗಾಲ, ಒಂದು ಬೇಸಿಗೆ ಕಳೆದ ಮೇಲೆ ಕಿತ್ತೆಸೆಯಿರಿ. ಹೆಚ್ಚು ಉಪ್ಪಿದ್ದಲ್ಲಿ ಇನ್ನೊಂದು ಸುತ್ತು ಬೇಕಾಗುತ್ತದೆ. ತಾಳ್ಮೆ ಬೇಡುವ ಕೆಲಸ ನಿಜ, ಆದರೆ ಉಪ್ಪನ್ನು ಒಳಗೇ ಬಿಟ್ಟು ಮಾಡಿದ ಯಾವ ಪ್ಲಾಸ್ಟರೂ ನಿಂತದ್ದಿಲ್ಲ.

ಸಿಮೆಂಟ್ ಕೀಳುವ ಕಾಲ, ಕೀಳುವ ರೀತಿ

ನಮ್ಮಲ್ಲಿ ಗಾರೆ ಕೆಲಸಕ್ಕೆ ಸಿಗುವುದು ಐದೇ ತಿಂಗಳು. ಹಿಂಗಾರು ಮುಗಿದ ನವೆಂಬರ್‌ನಲ್ಲಿ ಸಿಮೆಂಟ್ ಕೀಳಬೇಕು, ಡಿಸೆಂಬರ್-ಜನವರಿಯ ಒಣಗಾಳಿಗೆ ಗೋಡೆ ಬಿಟ್ಟುಕೊಡಬೇಕು, ಜನವರಿ ಕೊನೆಯಿಂದ ಫೆಬ್ರವರಿಯಲ್ಲಿ ಗಾರೆ ಎಳೆಯಬೇಕು. ಮಾರ್ಚ್-ಏಪ್ರಿಲ್‌ನ ಹೂಮಳೆ ಬರುವಷ್ಟರಲ್ಲಿ ಮೊದಲ ಸುಣ್ಣ ಬಳಿದಿರಬೇಕು. ಕಷ್ಟವೇನೆಂದರೆ ಅರೇಬಿಕಾ ಕೊಯ್ಲೂ ಇದೇ ಹೊತ್ತಿಗೆ, ಆಳು ಸಿಗುವುದಿಲ್ಲ. ಅದಕ್ಕೇ ಒಂದು ವರ್ಷಕ್ಕೆ ಎರಡು ಗೋಡೆ ಎಂದು ಇಟ್ಟುಕೊಳ್ಳಿ, ಮಳೆ ಹೆಚ್ಚು ಬಡಿಯುವ ಪಶ್ಚಿಮ ಮತ್ತು ನೈಋತ್ಯದ ಗೋಡೆ ಮೊದಲು. ಒದ್ದೆ ಗೋಡೆ ಒಣಗಲು ದಪ್ಪದ ಪ್ರತಿ ಇಂಚಿಗೆ ಹೆಚ್ಚುಕಡಿಮೆ ಒಂದು ತಿಂಗಳು ಎಂಬುದು ಕಟ್ಟಡದವರ ಲೆಕ್ಕ. ಹದಿಮೂರೂವರೆ ಇಂಚಿಗೆ ವರ್ಷ ದಾಟುತ್ತದೆ. ಪೂರ್ತಿ ಒಣಗುವವರೆಗೆ ಕಾಯಬೇಕಿಲ್ಲ, ಗಾರೆಯ ಮೂಲಕವೂ ಅದು ಒಣಗುತ್ತಲೇ ಇರುತ್ತದೆ. ಪೇಂಟ್ ಹೊಡೆದಿದ್ದರೆ ಆ ಸೌಲಭ್ಯ ಇರುತ್ತಿರಲಿಲ್ಲ.

ಕೀಳುವ ಮುಂಚೆ ಮರದ ಸುತ್ತಿಗೆಯಲ್ಲಿ ಗೋಡೆಯುದ್ದಕ್ಕೂ ತಟ್ಟುತ್ತಾ ಹೋಗಿ. ಡೊಳ್ಳು ಸದ್ದು ಬಂದ ಕಡೆಯೆಲ್ಲ ಸೀಮೆಸುಣ್ಣದಲ್ಲಿ ಗುರುತು ಮಾಡಿ, ಅಲ್ಲಿಂದ ಶುರುಮಾಡಿ. ಅಗಲ ಬಾಯಿಯ ತೆಳು ಉಳಿಯನ್ನು ಗೋಡೆಗೆ ಓರೆಯಾಗಿ ಹಿಡಿದು ಪ್ಲಾಸ್ಟರಿನ ಬೆನ್ನಿಗೆ ಹೊಡೆಯಬೇಕು, ನೇರ ಕುಟ್ಟಬಾರದು. ಬ್ರೇಕರ್ ಯಂತ್ರ ಹತ್ತಿರ ಬರಲೇಬಾರದು, ಅದು ಒಂದು ಗಂಟೆಯಲ್ಲಿ ಇನ್ನೂರು ಇಟ್ಟಿಗೆಯ ಮುಖ ಒಡೆದು ಹಾಕುತ್ತದೆ. ಸೂರಿನ ಕೆಳಗೆ, ಮಳೆಯೇ ತಾಗದ ಎತ್ತರದಲ್ಲಿ ಸಿಮೆಂಟು ಗಟ್ಟಿಯಾಗಿ ಕಚ್ಚಿಕೊಂಡಿದ್ದು ಸುತ್ತ ತೇವವಿಲ್ಲದಿದ್ದರೆ ಅಲ್ಲಿ ಬಿಟ್ಟುಬಿಡಿ. ಇಟ್ಟಿಗೆ ಕಿತ್ತುಕೊಂಡು ಬರುವ ಸಿಮೆಂಟನ್ನು ಹಟಕ್ಕೆ ಬಿದ್ದು ತೆಗೆಯುವುದಕ್ಕಿಂತ ಅದೇ ಲೇಸು.

ಮುಖ ಉದುರಿದ ಇಟ್ಟಿಗೆಗಳಿಗೆ ಹಳೇ ಗಾರೆಯವರದೊಂದು ಉಪಾಯವಿದೆ, ಇವತ್ತಿಗೂ ಅದಕ್ಕಿಂತ ಉತ್ತಮವಾದದ್ದಿಲ್ಲ. ಅರ್ಧ ಇಂಚಿಗಿಂತ ಹೆಚ್ಚು ತಿಂದುಹೋದ ಇಟ್ಟಿಗೆಯ ಸುತ್ತ ಸಂದನ್ನು ಗರಗಸದ ಅಲಗಿನಿಂದ ಕೊರೆದು, ಇಟ್ಟಿಗೆಯನ್ನು ಇಡಿಯಾಗಿ ಎಳೆದು, ಹಿಂದು ಮುಂದು ತಿರುಗಿಸಿ ಕೂರಿಸುವುದು. ಒಳಗಿದ್ದ ಮುಖ ಕಟ್ಟಿದ ದಿನದಷ್ಟೇ ಹೊಸದಾಗಿರುತ್ತದೆ. ಬಣ್ಣ, ಅಳತೆ ಎರಡೂ ಹೊಂದುತ್ತವೆ. ಇಟ್ಟಿಗೆ ಪೂರ್ತಿ ಪುಡಿಯಾಗಿದ್ದರೆ ಮಾತ್ರ ಬೇರೆ ತನ್ನಿ. ಹಳೇ ಇಟ್ಟಿಗೆಯ ದಪ್ಪ ಹೆಚ್ಚಾಗಿ ಎರಡು-ಎರಡೂಕಾಲು ಇಂಚು, ಈಗಿನದು ಮೂರು ಇಂಚಿನ ಸುಮಾರು. ಹೊಸದನ್ನು ತುರುಕಿದರೆ ವರಸೆ ತಪ್ಪುತ್ತದೆ. ಊರಲ್ಲಿ ಯಾರಾದರೂ ಹಳೇ ಗೋಡೆ ಕೆಡವುತ್ತಿದ್ದರೆ ಇಟ್ಟಿಗೆ ತಂದಿಟ್ಟುಕೊಳ್ಳಿ. ಎರಡನ್ನು ತಟ್ಟಿದಾಗ ಕಣಕಣ ಎನ್ನಬೇಕು, ಉಗುರಲ್ಲಿ ಗೀರಿದರೆ ಗುರುತು ಬೀಳಬಾರದು. ಒಂದು ರಾತ್ರಿ ನೀರಲ್ಲಿಟ್ಟು ತೂಗಿದರೆ ತೂಕ ಐದನೇ ಒಂದು ಪಾಲಿಗಿಂತ ಹೆಚ್ಚಾಗಬಾರದು.

ಸುಣ್ಣ, ಸುರ್ಕಿ, ಮರಳು

ಇಲ್ಲಿಯೇ ಹೆಚ್ಚಿನ ಕೆಲಸಗಳು ಕೆಡುವುದು. ಅಂಗಡಿಯ ಪುಡಿ ಸುಣ್ಣ ತಿಂಗಳುಗಟ್ಟಲೆ ಚೀಲದಲ್ಲಿ ಕೂತು ಗಾಳಿಗೆ ಅರ್ಧ ಸತ್ತಿರುತ್ತದೆ. ಹೊಸದಾಗಿ ಸುಟ್ಟ ಕಲ್ಲುಸುಣ್ಣ ಅಥವಾ ಕರಾವಳಿಯ ಚಿಪ್ಪುಸುಣ್ಣ ತಂದು ಮನೆಯಲ್ಲೇ ಅರಳಿಸಿ. ಹಗುರವಾಗಿ, ಗಟ್ಟಿಯಾಗಿ, ಪುಡಿಯಾಗದೆ ಇರುವುದು ಒಳ್ಳೇ ಸುಟ್ಟ ಸುಣ್ಣ. ಕಬ್ಬಿಣದ ಡ್ರಮ್ಮಿನಲ್ಲಿ ಒಂದು ಕೆಜಿ ಸುಣ್ಣಕ್ಕೆ ಮೂರು ಲೀಟರಿನಂತೆ ನೀರು ತುಂಬಿ, ಅದಕ್ಕೆ ಸುಣ್ಣವನ್ನು ಸ್ವಲ್ಪಸ್ವಲ್ಪ ಹಾಕುತ್ತಾ ಹೋಗಿ. ಸುಣ್ಣದ ಮೇಲೆ ನೀರು ಸುರಿಯಬಾರದು, ಕುದಿದು ಸಿಡಿಯುತ್ತದೆ. ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸ್ ಇಲ್ಲದೆ ಯಾರೂ ಡ್ರಮ್ಮಿನ ಬಳಿ ಹೋಗಕೂಡದು. ಕಣ್ಣಿಗೆ ಸಿಡಿದರೆ ಧಾರಾಳ ನೀರಿನಲ್ಲಿ ತೊಳೆಯುತ್ತಲೇ ಆಸ್ಪತ್ರೆಗೆ ಹೋಗಬೇಕು. ಅರಳಿದ್ದನ್ನು ಸಣ್ಣ ಜರಡಿಯಲ್ಲಿ ಸೋಸಿ, ಮೇಲೆ ಎರಡು ಇಂಚು ನೀರು ನಿಲ್ಲಿಸಿ ಮುಚ್ಚಿಡಿ. ಮೂರು ವಾರ ಕನಿಷ್ಠ, ಮೂರು ತಿಂಗಳಾದರೆ ಬೆಣ್ಣೆಯಂತಾಗುತ್ತದೆ. ಅರೆಬರೆ ಅರಳಿದ ಕಾಳು ಗಾರೆಯಲ್ಲಿ ಉಳಿದರೆ ತಿಂಗಳುಗಳ ನಂತರ ಗೋಡೆಯಲ್ಲೇ ಅರಳಿ ಬಟ್ಟಲಿನಂಥ ಗುಳಿ ಹಾರಿಸುತ್ತದೆ. ಆದ್ದರಿಂದ ದಸರಾ ಹೊತ್ತಿಗೇ ಸುಣ್ಣ ಅರಳಿಸಿಟ್ಟರೆ ಫೆಬ್ರವರಿಗೆ ಹದವಾಗಿರುತ್ತದೆ.

ಬರೀ ಸುಣ್ಣದ ಗಾರೆ ಗಟ್ಟಿಯಾಗುವುದು ಗಾಳಿಯ ಇಂಗಾಲದ ಡೈಆಕ್ಸೈಡಿನಿಂದ, ಅದೂ ತಿಂಗಳಿಗೆ ಒಂದು ಮಿಲಿಮೀಟರಿನಷ್ಟು ನಿಧಾನ. ನಮ್ಮ ಮಳೆಗೆ ಅದು ಸಾಲದು. ಸುರ್ಕಿ, ಅಂದರೆ ಇಟ್ಟಿಗೆಪುಡಿ, ಸೇರಿಸುವುದು ಅದಕ್ಕೇ. ಸುಟ್ಟ ಜೇಡಿಯ ಪುಡಿ ಸುಣ್ಣದೊಂದಿಗೆ ನೀರಿನಲ್ಲೇ ಕೂಡಿ ಗಟ್ಟಿಯಾಗುತ್ತದೆ. ಹೆಚ್ಚು ಬೆಂದು ಕಪ್ಪಾದ ಇಟ್ಟಿಗೆಯ ಪುಡಿ ಇದಕ್ಕೆ ಬಾರದು, ಅದು ಬರೀ ಮರಳಿನಂತೆ ಕೂರುತ್ತದೆ. ಹದವಾಗಿ, ಸ್ವಲ್ಪ ಕಡಿಮೆಯೇ ಬೆಂದ ಕೆಂಪು ಇಟ್ಟಿಗೆ ಕುಟ್ಟಿ ಹಿಟ್ಟಿನಂತೆ ಜರಡಿ ಹಿಡಿಯಿರಿ. ಮುಖದಿಂದ ಉದುರಿದ ನಿಮ್ಮ ಗೋಡೆಯ ಇಟ್ಟಿಗೆಪುಡಿಯನ್ನು ಮಾತ್ರ ಬಳಸಬೇಡಿ, ಅದರ ತುಂಬ ಉಪ್ಪಿದೆ.

ಒಳಪದರಕ್ಕೆ ಒಂದು ಪಾಲು ಸುಣ್ಣದ ಮುದ್ದೆ, ಒಂದು ಪಾಲು ಸುರ್ಕಿ, ಎರಡು ಪಾಲು ತೊಳೆದ ಮರಳು. ಮರಳಲ್ಲಿ ದಪ್ಪ, ನಡುತರ, ಸಣ್ಣ ಮೂರೂ ಇರಬೇಕು. ಎಂ-ಸ್ಯಾಂಡ್ ಆದರೆ ಕಲ್ಲಿನ ಹಿಟ್ಟು ಹೋಗುವವರೆಗೆ ತೊಳೆಯಿರಿ, ಇಲ್ಲವಾದರೆ ಬಿರುಕು ಖಚಿತ. ಮೇಲ್ಪದರಕ್ಕೆ ಒಂದು ಪಾಲು ಸುಣ್ಣ, ಒಂದೂವರೆ ಪಾಲು ಸಣ್ಣ ಮರಳು. ನೂರು ಚದರ ಅಡಿಗೆ, ಎರಡು ಪದರ ಸೇರಿ 20 ಮಿಲಿಮೀಟರ್ ದಪ್ಪಕ್ಕೆ, ಹಳೇ ಗೋಡೆಯ ತಗ್ಗುದಿಣ್ಣೆಯೂ ಸೇರಿ ಸುಮಾರು ಎಂಟು ಘನ ಅಡಿ ಗಾರೆ ಬೇಕು. ಅದಕ್ಕೆ 35ರಿಂದ 45 ಕೆಜಿ ಸುಟ್ಟ ಸುಣ್ಣ ಹಿಡಿಯುತ್ತದೆ. ಹಿಂದೆ ಎತ್ತು ಕಟ್ಟಿ ಗಾರೆ ಗಾಣದಲ್ಲಿ ಅರೆಯುತ್ತಿದ್ದರು. ಈಗ ಮಿಕ್ಸರ್‌ನಲ್ಲಿ ತಿರುಗಿಸಿ, ಆಮೇಲೆ ಒನಕೆಯಲ್ಲಿ ಅರ್ಧ ಗಂಟೆ ಕುಟ್ಟಿಸಿ. ಕುಟ್ಟಿದಷ್ಟೂ ನೀರು ಹಾಕದೆಯೇ ಮೆತ್ತಗಾಗುತ್ತದೆ. ನೀರು ಹೆಚ್ಚು ಹಾಕಿ ಮೆತ್ತಗೆ ಮಾಡಿದ ಗಾರೆ ಒಣಗುವಾಗ ಸೀಳುತ್ತದೆ. ಸುರ್ಕಿ ಬೆರೆತದ್ದನ್ನು ಅದೇ ದಿನ ಮುಗಿಸಿ.

ಬೆಲ್ಲ, ಮೊಟ್ಟೆ, ಅಳಲೆಕಾಯಿ ಹಾಕಿದ್ದರಿಂದಲೇ ಹಳೇ ಕಟ್ಟಡ ಗಟ್ಟಿ ಎಂಬ ಮಾತು ಊರೂರಲ್ಲಿದೆ. ಬೆಲ್ಲದ ನೀರು ಗಾರೆಯನ್ನು ಕೈಗೆ ಮೆದುವಾಗಿಸುತ್ತದೆ, ನಿಧಾನವಾಗಿ ಸೆಟ್ ಆಗುವಂತೆ ಮಾಡುತ್ತದೆ, ಅದು ನಿಜ. ಹೆಚ್ಚಾದರೆ ಗಾರೆ ಗಟ್ಟಿಯೇ ಆಗದು, ಇರುವೆಯೂ ಬರುತ್ತದೆ. ಬಳಸುವುದಾದರೆ ನೂರು ಲೀಟರ್ ನೀರಿಗೆ ಎರಡು ಕೆಜಿ ಮೀರದಿರಲಿ. ಗಟ್ಟಿತನದ ಬಹುಪಾಲು ಬರುವುದು ಚೆನ್ನಾಗಿ ಅರಳಿದ ಸುಣ್ಣ, ಚೆನ್ನಾಗಿ ಕುಟ್ಟಿದ ಗಾರೆ, ಒದ್ದೆ ಆರದಂತೆ ಕಾಯ್ದ ದಿನಗಳಿಂದ.

ಗಾರೆ ಎಳೆಯುವ ಹಿಂದಿನ ಸಂಜೆ ಮತ್ತು ಆ ಬೆಳಿಗ್ಗೆ ಗೋಡೆಗೆ ನೀರು ಚಿಮುಕಿಸಿ. ಒಣ ಇಟ್ಟಿಗೆ ಗಾರೆಯ ನೀರನ್ನು ಕ್ಷಣದಲ್ಲಿ ಹೀರುತ್ತದೆ, ಗಾರೆ ಪುಡಿಯಾಗುತ್ತದೆ. ಸವೆದ ಸಂದನ್ನು ಒಂದು ಇಂಚು ಆಳ ಕೆದಕಿ ಮೊದಲು ತುಂಬಿ. ಒಂದು ಪದರ 10-12 ಮಿಲಿಮೀಟರ್ ಮೀರಬಾರದು. ಕರಣೆಯಿಂದ ಬೀಸಿ ಎಸೆದರೆ ಹಿಡಿತ ಚೆನ್ನಾಗಿರುತ್ತದೆ. ಉಗುರು ಒತ್ತಿದರೆ ಗುರುತು ಬೀಳುವಷ್ಟು ಬಿಗಿದಾಗ ಮರದ ಮಣೆಯಿಂದ ಮತ್ತೆ ಒತ್ತಿ ತಿಕ್ಕಬೇಕು, ಮೊದಲ ದಿನದ ಸಣ್ಣ ಬಿರುಕೆಲ್ಲ ಅಲ್ಲೇ ಮುಚ್ಚುತ್ತದೆ. ಇದನ್ನು ಬಿಟ್ಟುಬಿಡುವ ಮೇಸ್ತ್ರಿಗಳೇ ಹೆಚ್ಚು, ಸಿಮೆಂಟಿನಲ್ಲಿ ಕೈ ಪಳಗಿದವರಿಗೆ ಎರಡನೇ ಸಲ ಗೋಡೆಗೆ ಬರುವ ಅಭ್ಯಾಸವಿಲ್ಲ. ನೀವೇ ನಿಂತು ಮಾಡಿಸಿ. ಉಕ್ಕಿನ ಕರಣೆಯಿಂದ ಗಾಜಿನಂತೆ ನುಣುಪು ಮಾಡಿಸಬೇಡಿ, ಮೇಲ್ಮೈ ಮುಚ್ಚಿ ಗಾಳಿ ಒಳಹೋಗದು. ಒದ್ದೆ ಗೋಣಿತಾಟು ಇಳಿಬಿಟ್ಟು ಕನಿಷ್ಠ ಹತ್ತು ದಿನ ನೆನೆಸಿ. ಹಾಸನ, ಅರಸೀಕೆರೆಯ ಬಯಲುಸೀಮೆ ಬಿಸಿಲಿನಲ್ಲಾದರೆ ಹದಿನೈದು. ಎರಡನೇ ಪದರಕ್ಕೆ ಹತ್ತು-ಹನ್ನೆರಡು ದಿನ ಬಿಡುವು ಕೊಡಿ.

ಕಮಾನು ಮತ್ತು ಮಾಡು

ಕಮಾನಿನ ಬಿರುಕಿನ ಮೇಲೆ ಈಗಲೇ ಪೆನ್ಸಿಲ್‌ನಲ್ಲಿ ಎರಡು ಅಡ್ಡಗೆರೆ ಎಳೆದು ದಿನಾಂಕ ಬರೆಯಿರಿ, ಒಂದು ಗಾಜಿನ ಪಟ್ಟಿಯನ್ನು ಅಡ್ಡಲಾಗಿ ಗಾರೆಯಿಂದ ಕೂರಿಸಿ. ಮಳೆಗಾಲ ಮುಗಿದರೂ ಗಾಜು ಒಡೆಯದಿದ್ದರೆ ಬಿರುಕು ಹಳೆಯದು, ನಿಂತಿದೆ. ಒಡೆದರೆ ಅಡಿಪಾಯ ಕೂರುತ್ತಿದೆ ಅಥವಾ ಕಮಾನಿನ ಬುಡ ಹೊರಗೆ ಸರಿಯುತ್ತಿದೆ, ಆಗ ಸ್ಟ್ರಕ್ಚರಲ್ ಎಂಜಿನಿಯರರನ್ನು ಕರೆಸದೆ ಮುಟ್ಟಬೇಡಿ. ಕಿಟಕಿಯ ಮರದ ಚೌಕಟ್ಟು ಗೆದ್ದಲು ತಿಂದು ಟೊಳ್ಳಾಗಿ, ಅದರ ಮೇಲೆ ಕೂತಿದ್ದ ಇಟ್ಟಿಗೆ ಜಾರಿದ್ದೂ ಇರಬಹುದು, ಚಾಕು ಚುಚ್ಚಿ ನೋಡಿ. ದುರಸ್ತಿಗೆ ಮುಂಚೆ ಕಮಾನಿನ ಒಳಬಾಗಿಗೆ ಸರಿಹೊಂದುವ ಹಲಗೆಯ ಆಸರೆ ಕೊಟ್ಟು, ಕೆಳಗೆ ಜೋಡಿ ಬೆಣೆ ಬಡಿದು ಬಿಗಿಮಾಡಿ. ಜಾರಿದ ಇಟ್ಟಿಗೆಯನ್ನು ಮೇಲಕ್ಕೆತ್ತಿ, ಸಂದಿಗೆ ಹೆಂಚಿನ ಚೂರುಗಳನ್ನು ಬೆಣೆಯಂತೆ ಹೊಡೆದು ಸುರ್ಕಿ ಗಾರೆ ತುಂಬಿ. ಮೂರು ವಾರ ಆಸರೆ ತೆಗೆಯಬೇಡಿ. ಕಮಾನು ಕತ್ತರಿಸಿ ಆರ್‌ಸಿಸಿ ಲಿಂಟಲ್ ತೂರಿಸುವ ಸಲಹೆಗೆ ಒಪ್ಪಬೇಡಿ. ಕಮಾನು ತನ್ನ ಭಾರವನ್ನು ಎರಡೂ ಬದಿಗೆ ಹಂಚಿ ನಿಂತಿದೆ, ಅದನ್ನು ಕತ್ತರಿಸಿದರೆ ಮೇಲಿನ ಗೋಡೆಯೇ ಇಳಿಯುತ್ತದೆ.

ಹೆಂಚು ತೆಗೆದು ಆರ್‌ಸಿಸಿ ಹಾಕುವ ಮಾತಂತೂ ಈ ಗೋಡೆಗೆ ದೊಡ್ಡ ಅಪಾಯ. ರೀಪು (ಹೆಂಚು ಕೂರುವ ಮರದ ಪಟ್ಟಿ) ಸಮೇತ ಮಂಗಳೂರು ಹೆಂಚಿನ ತೂಕ ಚದರ ಮೀಟರಿಗೆ 65 ಕೆಜಿಯ ಸುಮಾರು, ಐದು ಇಂಚಿನ ಸ್ಲ್ಯಾಬು 300 ಕೆಜಿ ದಾಟುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ ಸ್ಲ್ಯಾಬು ದಿನದಿನವೂ ಬಿಸಿಲಿಗೆ ಹಿಗ್ಗಿ ರಾತ್ರಿ ಕುಗ್ಗುತ್ತಾ ಗಾರೆ ಗೋಡೆಯ ನೆತ್ತಿಯನ್ನು ತಳ್ಳುತ್ತದೆ, ಮೂಲೆಗಳಲ್ಲಿ ಅಡ್ಡ ಬಿರುಕು ಏಳುತ್ತದೆ. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ಹಾಕಿದ ಮೇಲೆ ಘಟ್ಟದ ಮೇಲೂ ಹರಡಿದ ಈ ಹೆಂಚು ಮಲೆನಾಡಿಗೆ ಹೇಳಿಮಾಡಿಸಿದ್ದು. ಒಡೆದದ್ದನ್ನು ಬದಲಿಸಿದರೆ ಮುಗಿಯಿತು. ನೂರು ಚದರ ಅಡಿಗೆ 140ರಿಂದ 150 ಹೆಂಚು ಲೆಕ್ಕ. ಬೆನ್ನಿನ ಅಚ್ಚು ನೋಡಿ ಅದೇ ಅಳತೆಯದನ್ನೇ ತನ್ನಿ, ಬೇರೆಬೇರೆ ಕಾರ್ಖಾನೆಯ ಹೆಂಚಿನ ತೋಡು ಒಂದಕ್ಕೊಂದು ಕೂರುವುದಿಲ್ಲ. ನೆತ್ತಿಯ ಹೆಂಚನ್ನು ಸುಣ್ಣ-ಸುರ್ಕಿಯಲ್ಲೇ ಕೂರಿಸಿ. ಇನ್ನೊಂದು ಮಾತು: ಸೌದೆ ಒಲೆಯ ಹೊಗೆ ಅಟ್ಟಕ್ಕೆ ಏರುತ್ತಿದ್ದ ಕಾಲದಲ್ಲಿ ಮಾಡಿನ ಮರಗಳಾದ ಪಕಾಸಿ-ರೀಪು ಒಣಗಿ, ಹುಳ ಹತ್ತುತ್ತಿರಲಿಲ್ಲ. ಗ್ಯಾಸ್ ಬಂದ ಮೇಲೆ ಆ ಕಾವಲು ಹೋಗಿದೆ. ಅಟ್ಟದ ಗಾಳಿಕಿಂಡಿ ಮುಚ್ಚಿದ್ದರೆ ತೆಗೆಯಿರಿ, ಹೆಂಚಿನ ಕೆಳಗೆ ತಗಡು-ಥರ್ಮೋಕೋಲ್ ಹೊಡೆದು ಮರವನ್ನು ಉಸಿರುಕಟ್ಟಿಸಬೇಡಿ.

ಕೊನೆಗೆ ಬಣ್ಣ. ಡಿಸ್ಟೆಂಪರ್, ಎಮಲ್ಷನ್ ಯಾವುದೂ ಬೇಡ. ಅರಳಿದ ಸುಣ್ಣವನ್ನೇ ಹಾಲಿನಷ್ಟು ತೆಳ್ಳಗೆ ಕಲಸಿ, ಬಟ್ಟೆಯಲ್ಲಿ ಸೋಸಿ, ಗೋಡೆ ನೆನೆಸಿ, ದಿನಕ್ಕೊಂದರಂತೆ ಐದು ಕೈ ಬಳಿಯಿರಿ. ಬಳಿದಾಗ ಗೋಡೆ ಕಾಣುತ್ತಲೇ ಇರಬೇಕು, ಒಣಗಿದ ಮೇಲೆ ಬೆಳ್ಳಗಾಗುತ್ತದೆ. ದಪ್ಪಗೆ ಒಂದೇ ಕೈ ಬಳಿದ ಸುಣ್ಣವೇ ಗೋಡೆ ಬಿಟ್ಟು, ಒರಗಿದವರ ಮೈಗೆ-ಬಟ್ಟೆಗೆ ಅಂಟುವುದು. ಪಶ್ಚಿಮದ ಗೋಡೆಗೆ ಕೊನೆಯ ಕೈಯಲ್ಲಿ ನೂರು ಲೀಟರಿಗೆ ಒಂದು ಲೀಟರಿನಷ್ಟು ಕುದಿಸಿದ ಅಗಸೆ ಎಣ್ಣೆ ಕಲಸಿದರೆ ಮಳೆ ಜಾರುತ್ತದೆ. ಮೊದಲ ಮಳೆಗಾಲದ ನಂತರ ಅಲ್ಲಲ್ಲಿ ಮತ್ತೆ ಬಿಳಿ ಪುಡಿ ಮೂಡುತ್ತದೆ, ಗಾಬರಿಯಾಗಬೇಡಿ. ಒಳಗೆ ಉಳಿದ ಉಪ್ಪು ಹೊರಬರುತ್ತಿರುವುದದು. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಕರಗಿ ಮತ್ತೆ ಒಳಗೇ ಹೋಗುತ್ತದೆ. ಒಣ ಬ್ರಷ್‌ನಲ್ಲಿ ಗುಡಿಸಿ, ಕಾಗದದ ಮೇಲೆ ಹಿಡಿದು ಆಚೆ ಎಸೆಯಿರಿ, ಮಾರ್ಚ್‌ಗೆ ಅಲ್ಲಿ ಮಾತ್ರ ಒಂದು ಕೈ ಸುಣ್ಣ ಬಳಿಯಿರಿ.